ಅಂಟಾಗಿಯೇ ಉಳಿದ ಪೆನ್‌ಸ್ಟ್ಯಾಂಡ್, ಕಂದಿದ ಗುಲಾಬಿ: ಮನೆಯಲ್ಲಿ ರೆಸಿನ್ ಎರಕದ ಕುರಿತು ಒಂದು ಉತ್ತರ

ಪ್ರಶ್ನೆ: ಮೇಜಿನ ಮೇಲಿಡುವ ಅಲಂಕಾರಿಕ ವಸ್ತುಗಳನ್ನು ಎಪಾಕ್ಸಿ ರೆಸಿನ್‌ನಿಂದ ಮಾಡಲು ಇತ್ತೀಚೆಗೆ ಆರಂಭಿಸಿದ್ದೇನೆ. ಮೊದಲು ಮಾಡಿದ ಪೆನ್‌ಸ್ಟ್ಯಾಂಡ್ ಐದು ದಿನ ಕಳೆದರೂ ಅಲ್ಲಲ್ಲಿ ಅಂಟಂಟಾಗಿಯೇ ಇದೆ. ಬೇಗ ಗಟ್ಟಿಯಾಗಲಿ ಎಂದು ರೆಸಿನ್ ಜೊತೆ ಬೆರೆಸುವ ಹಾರ್ಡ್ನರ್ ದ್ರವವನ್ನು ತುಸು ಹೆಚ್ಚಾಗಿಯೇ ಹಾಕಿದ್ದೆ. ಗುಲಾಬಿ ಹೂವನ್ನಿಟ್ಟು ಮಾಡಿದ ಗುಮ್ಮಟದಾಕಾರದ ಪೇಪರ್‌ವೇಟ್ ಗಟ್ಟಿಯಾಯಿತು, ಆದರೆ ಒಳಗೆಲ್ಲ ಗುಳ್ಳೆಗಳು, ಹೂವೂ ಕಂದು ಬಣ್ಣಕ್ಕೆ ತಿರುಗಿದೆ. ಕೆಲಸವನ್ನು ಮಲಗುವ ಕೋಣೆಯಲ್ಲಿ ಮಾಡುತ್ತೇನೆ. ವಾಸನೆಯಿಲ್ಲದ ರೆಸಿನ್ ಆದ್ದರಿಂದ ತೊಂದರೆಯಿಲ್ಲ ಎಂದುಕೊಂಡಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ? ಆ ಪೆನ್‌ಸ್ಟ್ಯಾಂಡನ್ನು ಉಳಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿರುವ ಒಂದು ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ತೊಂದರೆಗಳ ಪೈಕಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟಿವೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್ನರ್ ಅನ್ನು ಹೆಚ್ಚಾಗಿ ಹಾಕಿದೆ ಎನ್ನುತ್ತೀರಿ. ಎಪಾಕ್ಸಿ ರೆಸಿನ್ ಬಣ್ಣದಂತೆ ಒಣಗುವ ವಸ್ತುವಲ್ಲ. ಅದರಿಂದ ನೀರಾಗಲಿ ದ್ರಾವಕವಾಗಲಿ ಆವಿಯಾಗಿ ಹೋಗಿ ಉಳಿದದ್ದು ಗಟ್ಟಿಯಾಗುವುದಿಲ್ಲ. ಒಂದು ಬಾಟಲಿಯಲ್ಲಿರುವ ಎಪಾಕ್ಸಿ ಅಣುಗಳು ಇನ್ನೊಂದು ಬಾಟಲಿಯಲ್ಲಿರುವ, ಅಂದರೆ ಹಾರ್ಡ್ನರ್‌ನ, ಅಮೀನ್ ಅಣುಗಳ ಕೈಹಿಡಿದು, ಎಲ್ಲ ದಿಕ್ಕಿಗೂ ಹೆಣೆದುಕೊಂಡ ಒಂದೇ ಬಲೆಯಾಗುತ್ತವೆ, ಮತ್ತು ಆ ಹೆಣಿಗೆಗೆ ಎರಡೂ ಕಡೆಯ ಕೈಗಳ ಲೆಕ್ಕ ಸರಿಹೊಂದಬೇಕು. ಹಾರ್ಡ್ನರ್ ಹೆಚ್ಚಾದರೆ ಹಿಡಿಯಲು ಕೈ ಸಿಗದ ಅಮೀನ್ ಅಣುಗಳು ಎರಕದೊಳಗೆ ಹಾಗೆಯೇ ಅಲೆಯುತ್ತ ಉಳಿಯುತ್ತವೆ. ಕಡಿಮೆಯಾದರೆ ರೆಸಿನ್‌ನ ಅಣುಗಳು ಉಳಿಯುತ್ತವೆ. ಎರಡರಲ್ಲಿ ಯಾವುದಾದರೂ ಫಲ ಒಂದೇ: ಮೆತ್ತಗಾದ, ಬಾಗುವ, ಅಂಟುವ ಎರಕ. ಐದು ದಿನವಲ್ಲ, ಐದು ತಿಂಗಳು ಕಾದರೂ ಅದು ಸರಿಹೋಗುವುದಿಲ್ಲ.

ಹಾರ್ಡ್ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆಯನ್ನು ನೀವೇ ಕಲ್ಪಿಸಿಕೊಂಡದ್ದಲ್ಲ. ಅದು ಪಾಲಿಯೆಸ್ಟರ್ ರೆಸಿನ್‌ನಿಂದ ಬಂದ ಮಾತು. ಫೈಬರ್‌ಗ್ಲಾಸ್ ಕೆಲಸಕ್ಕೆ ಬಳಸುವ, ಮೂಗಿಗೆ ಬಡಿಯುವ ಸ್ಟೈರೀನ್ ವಾಸನೆಯ ಆ ರೆಸಿನ್‌ಗೆ ಸಾಮಾನ್ಯವಾಗಿ ಶೇ. 1ರಿಂದ 2ರಷ್ಟು ಪೆರಾಕ್ಸೈಡ್ ದ್ರವವನ್ನು ಹಾಕುತ್ತಾರೆ. ಅಲ್ಲಿ ಆ ದ್ರವ ಕಿಡಿ ಹೊತ್ತಿಸುವ ಕೆಲಸ ಮಾತ್ರ ಮಾಡುವುದರಿಂದ, ಒಂದೆರಡು ಹನಿ ಹೆಚ್ಚು ಬಿದ್ದರೆ ವೇಗ ನಿಜವಾಗಿಯೂ ಹೆಚ್ಚುತ್ತದೆ. ಎಪಾಕ್ಸಿಯಲ್ಲಿ ಹಾರ್ಡ್ನರ್ ಕಿಡಿಯಲ್ಲ, ಕಟ್ಟಡದ ಅರ್ಧ ಇಟ್ಟಿಗೆಯೇ ಅದು. ಎರಡೂ ಅಂಗಡಿಯಲ್ಲಿ ‘ರೆಸಿನ್’ ಎಂಬ ಒಂದೇ ಹೆಸರಿನಲ್ಲಿ ಸಿಗುವುದರಿಂದ ಒಂದರ ಉಪಾಯವನ್ನು ಇನ್ನೊಂದಕ್ಕೆ ಹಚ್ಚುವವರು ಬಹಳ.

ಆದರೆ ನೀವು ಬೇಕೆಂದೇ ಹೆಚ್ಚು ಹಾಕದೆಯೂ ಹೆಚ್ಚಾಗಿರುವ ಸಾಧ್ಯತೆಯಿದೆ, ಮತ್ತು ಹೊಸಬರು ಗಮನಿಸದೆ ಬಿಡುವುದು ಇದನ್ನೇ. ಡಬ್ಬದ ಮೇಲೆ 2:1 ಎಂದು ಬರೆದಿದ್ದರೆ ಅದು ಅಳತೆಯ (ಗಾತ್ರದ) ಅನುಪಾತವೋ ತೂಕದ ಅನುಪಾತವೋ ಎಂಬುದನ್ನು ಮೊದಲು ನೋಡಬೇಕು. ರೆಸಿನ್‌ನ ಸಾಂದ್ರತೆ ಮಿಲಿಲೀಟರ್‌ಗೆ 1.15 ಗ್ರಾಂನ ಆಸುಪಾಸಿನಲ್ಲಿಯೂ ಹಾರ್ಡ್ನರ್‌ನದು 0.95ರ ಆಸುಪಾಸಿನಲ್ಲಿಯೂ ಇದೆ ಎಂದು ಇಟ್ಟುಕೊಳ್ಳಿ. ಅಳತೆಯ ಲೆಕ್ಕದಲ್ಲಿ 100 ಮಿಲಿಲೀಟರ್ ರೆಸಿನ್‌ಗೆ 50 ಮಿಲಿಲೀಟರ್ ಹಾರ್ಡ್ನರ್ ಬೇಕು. ತೂಕಕ್ಕೆ ಹಾಕಿದರೆ ಅದು 115 ಗ್ರಾಂಗೆ 47.5 ಗ್ರಾಂ, ಅಂದರೆ 100ಕ್ಕೆ 41ರಷ್ಟು. ಅಳತೆಯ 2:1 ಅನ್ನು ತಕ್ಕಡಿಯ ಮೇಲೆ 100 ಗ್ರಾಂಗೆ 50 ಗ್ರಾಂ ಎಂದು ತೂಗಿದವರು ತಮಗೇ ತಿಳಿಯದೆ ಹಾರ್ಡ್ನರ್ ಅನ್ನು ಸುಮಾರು ಶೇ. 20ರಷ್ಟು ಹೆಚ್ಚು ಹಾಕಿರುತ್ತಾರೆ. ತಯಾರಕರು ತೂಕದ ಅನುಪಾತವನ್ನೂ ಕೊಟ್ಟಿದ್ದರೆ ಅದನ್ನೇ ನಂಬಿ, ತೂಗಿಯೇ ಬೆರೆಸಿ ಎಂಬುದು ನನ್ನ ಸಲಹೆ. ಪ್ಲಾಸ್ಟಿಕ್ ಲೋಟದ ಗೆರೆಗಳನ್ನು ಕಣ್ಣಳತೆಯಲ್ಲಿ ಓದುವಾಗ ಆಗುವ ತಪ್ಪು ತಕ್ಕಡಿಯಲ್ಲಿ ಆಗುವುದಿಲ್ಲ. ತಕ್ಕಡಿ ಮಾತ್ರ 0.1 ಗ್ರಾಂವರೆಗೆ ತೋರಿಸುವಂಥದ್ದಿರಬೇಕು. ಒಂದು ಗ್ರಾಂನ ಹೆಜ್ಜೆಯಲ್ಲಿ ಏರುವ ತಕ್ಕಡಿಯಲ್ಲಿ 5 ಗ್ರಾಂ ಹಾರ್ಡ್ನರ್ ತೂಗಿದರೆ ಅರ್ಧ ಗ್ರಾಂನ ವ್ಯತ್ಯಾಸ ಕಾಣುವುದೇ ಇಲ್ಲ, ಅಷ್ಟರಲ್ಲೇ ಶೇ. 10ರ ತಪ್ಪು ಆಗಿಹೋಗಿರುತ್ತದೆ. ಕೀಲಿಗೊಂಚಲಿನಂಥ ಚಿಕ್ಕ ವಸ್ತುಗಳು ದೊಡ್ಡವುಗಳಿಗಿಂತ ಹೆಚ್ಚಾಗಿ ಅಂಟಂಟಾಗುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಪೆನ್‌ಸ್ಟ್ಯಾಂಡ್ ಪೂರ್ತಿ ಮೆತ್ತಗಿಲ್ಲ, ‘ಅಲ್ಲಲ್ಲಿ’ ಅಂಟಾಗಿದೆ ಎಂದಿದ್ದೀರಿ. ಆ ಒಂದು ಪದ ಮಹತ್ವದ್ದು. ಅನುಪಾತ ತಪ್ಪಿದಾಗ ಎರಕ ಇಡಿಯಾಗಿ ಮೆತ್ತಗಾಗುತ್ತದೆ; ಅಲ್ಲಲ್ಲಿ ಅಂಟಾಗಿದ್ದರೆ ಬೆರಕೆ ಸಾಲದು ಎಂದರ್ಥ. ಬಹುಶಃ ನಿಮ್ಮಲ್ಲಿ ಎರಡೂ ಸೇರಿಕೊಂಡಿವೆ. ಮುಂದಿನ ಸಲ ಬೆರೆಸುವಾಗ ಲೋಟವನ್ನು ಬೆಳಕಿಗೆ ಹಿಡಿದು ನೋಡಿ. ಹಾರ್ಡ್ನರ್ ಬಿದ್ದ ಕೂಡಲೇ, ನೀರಿಗೆ ಸಕ್ಕರೆ ಪಾಕ ಬಿಟ್ಟಾಗ ಕಾಣುವಂಥ ಎಳೆಎಳೆಯಾದ ಅಲೆಗಳು ಒಳಗೆ ಸುತ್ತುತ್ತವೆ. ಒಂದು ನಿಮಿಷ ಕಲಕಿದರೆ ನಡುವೆ ಅವು ಮಾಯವಾಗುತ್ತವೆ, ಆದರೆ ಲೋಟದ ಗೋಡೆಗೂ ತಳದ ಮೂಲೆಗೂ ಅಂಟಿಕೊಂಡ ಪದರದಲ್ಲಿ ಹಾಗೆಯೇ ಇರುತ್ತವೆ. ಚಪ್ಪಟೆ ಕಡ್ಡಿಯಿಂದ ಗೋಡೆಯನ್ನೂ ತಳವನ್ನೂ ಕೆರೆದು ನಡುವಿಗೆ ತರುತ್ತ, ಕಡ್ಡಿಗೆ ಅಂಟಿದ್ದನ್ನೂ ಲೋಟದ ಅಂಚಿಗೆ ಒರೆಸುತ್ತ, ಮೂರು-ನಾಲ್ಕು ನಿಮಿಷ ನಿಧಾನವಾಗಿ ಕಲಕಬೇಕು. ಆಮೇಲೆ ಅದನ್ನೆಲ್ಲ ಬೇರೊಂದು ಒಣ ಲೋಟಕ್ಕೆ ಸುರಿದು ಇನ್ನೊಂದು ನಿಮಿಷ ಕಲಕಿದರೆ, ಮೊದಲ ಲೋಟದ ಗೋಡೆಯಲ್ಲಿ ಉಳಿದ ಅರೆಬೆರಕೆ ಅಲ್ಲಿಯೇ ಉಳಿದುಹೋಗುತ್ತದೆ. ಅಚ್ಚಿಗೆ ಸುರಿಯುವಾಗ ಕೊನೆಯ ಹನಿಯೂ ಬೀಳಲೆಂದು ಲೋಟವನ್ನು ಕೆರೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅಂಟು ಕಲೆಗಳು ಬೀಳುವುದು ಆ ಕೊನೆಯ ಹನಿಗಳಿಂದಲೇ.

ಇನ್ನು ವೇಗ. ಬೇಗ ಗಟ್ಟಿಯಾಗಬೇಕೆಂದರೆ ಹಾರ್ಡ್ನರ್‌ಗೆ ಕೈಹಾಕುವ ಬದಲು ಕೋಣೆಯ ಉಷ್ಣತೆಯನ್ನು ನೋಡಿಕೊಳ್ಳಿ. 22ರಿಂದ 25 ಡಿಗ್ರಿ ಸೆಲ್ಸಿಯಸ್ ಹದವಾದದ್ದು. ಉಷ್ಣತೆ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸರಿಸುಮಾರು ಇಮ್ಮಡಿಸುತ್ತದೆ, ಇಳಿದರೆ ಅರ್ಧವಾಗುತ್ತದೆ ಎಂಬುದು ಕೆಲಸದವರು ಬಳಸುವ ಸ್ಥೂಲ ಲೆಕ್ಕ. ತಂಪಿನಲ್ಲಿ ರೆಸಿನ್ ಜೇನಿನಂತೆ ದಪ್ಪಗಾಗಿ ಗುಳ್ಳೆಗಳನ್ನು ಬಿಟ್ಟುಕೊಡುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರಂತೂ ಅಮೀನ್ ಅಣುಗಳು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ನೊಂದಿಗೆ ಕೂಡಿ ಮೇಲ್ಮೈಯಲ್ಲಿ ಮೇಣದಂಥ ಮಬ್ಬು ಪೊರೆಯನ್ನು ಕಟ್ಟುತ್ತವೆ. ಆ ಪೊರೆಯನ್ನು ನೋಡಿ ಎರಕವೇ ಕೆಟ್ಟಿತೆಂದು ಎಸೆದವರನ್ನು ಕಂಡಿದ್ದೇನೆ. ಉಗುರುಬೆಚ್ಚಗಿನ ನೀರು ಮತ್ತು ಸ್ವಲ್ಪ ಸಾಬೂನಿನಿಂದ ತೊಳೆದರೆ ಅದು ಹೋಗುತ್ತದೆ. ತೊಳೆಯದೆ ಮೇಲೆ ಎರಡನೆಯ ಪದರ ಸುರಿದರೆ ಮಾತ್ರ ಅದು ಹಿಡಿಯದೆ ಸಿಪ್ಪೆಯಂತೆ ಎದ್ದುಬರುತ್ತದೆ.

ಉಷ್ಣದ ಇನ್ನೊಂದು ಮುಖವೇ ನಿಮ್ಮ ಪೇಪರ್‌ವೇಟ್‌ನ ಕಥೆ. ಈ ಹೆಣಿಗೆ ನಡೆಯುವಾಗ ಶಾಖ ಹೊರಬೀಳುತ್ತದೆ, ಆ ಶಾಖ ಹೊರಹೋಗಲು ಇರುವ ದಾರಿ ಮೇಲ್ಮೈ ಒಂದೇ. ಎರಡು ಸೆಂಟಿಮೀಟರ್ ಬದಿಯ ಘನಾಕೃತಿಯನ್ನು ನಾಲ್ಕು ಸೆಂಟಿಮೀಟರ್‌ಗೆ ಹಿಗ್ಗಿಸಿದರೆ ಒಳಗಿನ ರೆಸಿನ್ ಎಂಟು ಪಟ್ಟಾಗುತ್ತದೆ, ಮೇಲ್ಮೈ ಮಾತ್ರ ನಾಲ್ಕೇ ಪಟ್ಟು. ಹೀಗಾಗಿ ದಪ್ಪನೆಯ ವಸ್ತುವಿನ ನಡುಭಾಗ ಬಿಸಿಯೇರುತ್ತದೆ, ಬಿಸಿಯೇರಿದಷ್ಟೂ ಕ್ರಿಯೆಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಮತ್ತೆ ಬಿಸಿಯೇರುತ್ತದೆ. ಈ ಪಾಠವನ್ನು ನಾನು ಕಲಿತದ್ದು ಒಂದು ಮಧ್ಯಾಹ್ನ, ಬೆರೆಸಿದ 300 ಗ್ರಾಂ ರೆಸಿನ್ ಅನ್ನು ಲೋಟದಲ್ಲಿಯೇ ಬಿಟ್ಟು ಫೋನ್ ಎತ್ತಿಕೊಳ್ಳಲು ಹೋದಾಗ. ಮರಳಿ ಬರುವಷ್ಟರಲ್ಲಿ ಲೋಟ ಒಂದು ಬದಿಗೆ ಕುಸಿದಿತ್ತು, ರೆಸಿನ್ ಹಳದಿಗಟ್ಟಿ ಬಿರುಕುಬಿಟ್ಟಿತ್ತು, ಮೇಲೆ ತೆಳ್ಳನೆಯ ಬಿಳಿ ಹೊಗೆ ಏಳುತ್ತಿತ್ತು. ಅದೇ 300 ಗ್ರಾಂ ಅನ್ನು ಅಗಲವಾದ ತಟ್ಟೆಯಲ್ಲಿ ಹರವಿದ್ದರೆ ಅದು ತಣ್ಣಗೆ ಕುಳಿತಿರುತ್ತಿತ್ತು. ಹಾಗೇನಾದರೂ ಆದರೆ ಲೋಟವನ್ನು ಕಡ್ಡಿಯಿಂದ ತಳ್ಳಿ ಬಯಲಿಗೆ ಒಯ್ಯಬೇಕು. ಆ ಹೊಗೆಯನ್ನು ಉಸಿರಾಡಬಾರದು, ಲೋಟವನ್ನು ಬರಿಗೈಯಲ್ಲಿ ಮುಟ್ಟಲೂಬಾರದು.

ಆದ್ದರಿಂದ ನಿಮ್ಮಲ್ಲಿರುವುದು ಲೇಪನದ ರೆಸಿನ್ನೋ ಎರಕದ ರೆಸಿನ್ನೋ ಎಂಬುದನ್ನು ಡಬ್ಬದ ಮೇಲೆ ಓದಿ ತಿಳಿದುಕೊಳ್ಳಿ. ಮೇಜಿನ ಹಲಗೆಗೆ ಹೊಳಪು ಕೊಡುವ ಲೇಪನದ ರೆಸಿನ್ ದಪ್ಪಗಿರುತ್ತದೆ, ಬೇಗ ಕಟ್ಟುತ್ತದೆ, ಒಂದು ಸಲಕ್ಕೆ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್‌ಗಿಂತ ಹೆಚ್ಚು ಸುರಿಯಲಾಗದು. ಎರಕದ ರೆಸಿನ್ ನೀರಿನಂತೆ ತೆಳ್ಳಗಿದ್ದು, ನಿಧಾನವಾಗಿ ಕಟ್ಟುವುದರಿಂದ ಶಾಖ ಹೊರಹೋಗಲೂ ಗುಳ್ಳೆ ಮೇಲೇರಲೂ ಸಮಯವಿರುತ್ತದೆ. ಗುಮ್ಮಟದಂಥ ದಪ್ಪ ವಸ್ತುವಿಗೆ ಎರಡನೆಯದೇ ಬೇಕು; ಮೊದಲನೆಯದೇ ಕೈಯಲ್ಲಿದ್ದರೆ ತೆಳುಪದರಗಳಾಗಿ ಹಲವು ಸಲ ಸುರಿಯಬೇಕು. ದೀಪದಡಿ ಒಂದೆರಡು ನಿಮಿಷದಲ್ಲಿ ಗಟ್ಟಿಯಾಗುವ ಯುವಿ ರೆಸಿನ್ ಈ ಗಾತ್ರಕ್ಕೆ ಸಲ್ಲದು: ಬೆಳಕು ತಲುಪದ ಕಡೆ, ಮುಖ್ಯವಾಗಿ ಹೂವಿನ ನೆರಳಿನಲ್ಲಿ, ಅದು ದ್ರವವಾಗಿಯೇ ಉಳಿಯುತ್ತದೆ.

ಹೂವು ಕಂದಿದ್ದಕ್ಕೆ ಮೂರು ಕಾರಣಗಳು ಒಂದರ ಮೇಲೊಂದು ಕೂಡಿರಬಹುದು. ಮೊದಲನೆಯದು ತೇವ. ಮುಟ್ಟಿದರೆ ಒಣಗಿದಂತೆ ಕಂಡರೂ ಗುಲಾಬಿಯ ಎಸಳುಗಳ ಬುಡದಲ್ಲಿ, ತೊಟ್ಟು ಕೂಡುವ ದಪ್ಪ ಭಾಗದಲ್ಲಿ ತೇವ ಉಳಿದಿರುತ್ತದೆ. ಅದು ರೆಸಿನ್‌ನ ಶಾಖಕ್ಕೆ ಹೊರಬಂದು ಗುಳ್ಳೆಯೂ ಮಬ್ಬೂ ಆಗುತ್ತದೆ, ಹೂವು ನಿಧಾನವಾಗಿ ಕೊಳೆಯುತ್ತದೆ. ಇಡೀ ಹೂವನ್ನು ತೇವ ಹೀರುವ ಸಿಲಿಕಾ ಜೆಲ್ ಹರಳುಗಳಲ್ಲಿ ಪೂರ್ತಿ ಹೂತು, ಮುಚ್ಚಿದ ಡಬ್ಬದಲ್ಲಿ ಸುಮಾರು ಒಂದು ವಾರ ಇಟ್ಟರೆ ಎಸಳು ಕಾಗದದಂತೆ ಸದ್ದು ಮಾಡುವಷ್ಟು ಒಣಗುತ್ತದೆ. ಪುಸ್ತಕದ ನಡುವೆ ಒತ್ತಿ ಒಣಗಿಸುವುದಾದರೆ ಎರಡು-ಮೂರು ವಾರ ಬೇಕು, ಅದೂ ಚಪ್ಪಟೆ ಹೂವುಗಳಿಗೆ ಮಾತ್ರ. ಎರಡನೆಯದು ಈಗಾಗಲೇ ಹೇಳಿದ ಶಾಖ. ಮೂರನೆಯದು ಹೂವಿನ ಬಣ್ಣದ ಸ್ವಭಾವ. ಕೆಂಪು ಗುಲಾಬಿಗೆ ಬಣ್ಣ ಕೊಡುವ ಆಂಥೋಸಯನಿನ್ ಆಮ್ಲದಲ್ಲಿ ಕೆಂಪಾಗಿದ್ದು, ಕ್ಷಾರದತ್ತ ಹೋದಂತೆ ಬೇರೆ ಬಣ್ಣಕ್ಕೆ ತಿರುಗುವ ವಸ್ತು. ಅಮೀನ್ ಹಾರ್ಡ್ನರ್ ಕ್ಷಾರೀಯ. ನೀವು ಹಾರ್ಡ್ನರ್ ಅನ್ನು ಹೆಚ್ಚು ಹಾಕುವವರಾದ್ದರಿಂದ ಹೂವಿಗೆ ಅದರ ಏಟು ಇನ್ನಷ್ಟು ಬಿದ್ದಿರುತ್ತದೆ. ಹಸಿರು ಎಲೆಗಳೂ ಕಾಲಕ್ರಮದಲ್ಲಿ ಪಾಚಿಗಂದಾಗುತ್ತವೆ. ಹಳದಿ, ಕಿತ್ತಳೆ ಬಣ್ಣದ ಹೂವುಗಳು, ಹುಲ್ಲಿನ ತೆನೆ, ಜರೀಗಿಡದ ಒಣ ಎಲೆ ಇವುಗಳಿಂದ ಆರಂಭಿಸಿದರೆ ನಿರಾಸೆ ಕಡಿಮೆ. ಕೆಂಪು ಗುಲಾಬಿಯೇ ಬೇಕೆಂದರೆ ಅದು ಕಡುಗೆಂಪಾಗಿಯೋ ನೇರಳೆಯಾಗಿಯೋ ಬದಲಾಗುವುದನ್ನು ಒಪ್ಪಿಕೊಂಡೇ ಮಾಡಬೇಕು.

ಒಣಗಿದ ಹೂವು ಹಗುರ, ರೆಸಿನ್ ಮೇಲೆ ತೇಲುತ್ತದೆ, ಎಸಳುಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಪೇಪರ್‌ವೇಟ್‌ನ ಬಹುಪಾಲು ಗುಳ್ಳೆಗಳು ಬೆರೆಸುವಾಗ ಹುಟ್ಟಿದವಲ್ಲ, ಹೂವು ಉಸಿರುಬಿಟ್ಟವು. ಸುರಿಯುವ ಮೊದಲು ಹೂವಿಗೆ ಕುಂಚದಿಂದ ತೆಳುವಾಗಿ ರೆಸಿನ್ ಸವರಿ, ಎಸಳಿನ ಸಂದುಗಳಿಗೂ ಇಳಿಸಿ, ಒಂದು ದಿನ ಗಟ್ಟಿಯಾಗಲು ಬಿಡಿ. ಆಮೇಲೆ ಅಚ್ಚಿಗೆ ಮೊದಲ ಪದರ ಸುರಿದು, ಅದು ಬೆರಳಿಗೆ ಅಂಟಿದರೂ ಹರಿಯದಂಥ ಹದಕ್ಕೆ ಬಂದಾಗ ಹೂವನ್ನು ಕೂರಿಸಿ ಎರಡನೆಯ ಪದರ ಸುರಿಯಿರಿ. ಆ ಹದದಲ್ಲಿ ಎರಡು ಪದರಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ನಡುವಿನ ಗೆರೆ ಕಾಣುವುದಿಲ್ಲ. ಪೂರ್ತಿ ಗಟ್ಟಿಯಾದ ಮೇಲೆ ಸುರಿಯುವುದಾದರೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಿಯೇ ಸುರಿಯಬೇಕು. ಗುಮ್ಮಟದ ಅಚ್ಚಿನಲ್ಲಿ ವಸ್ತು ತಲೆಕೆಳಗಾಗಿ ರೂಪುಗೊಳ್ಳುತ್ತದೆ ಎಂಬುದು ನೆನಪಿರಲಿ. ಹೂವಿನ ಮುಖ ಕೆಳಗಿರಬೇಕು. ಇದನ್ನು ಮರೆತು ತೊಟ್ಟನ್ನು ಪ್ರದರ್ಶನಕ್ಕಿಟ್ಟವರಲ್ಲಿ ನಾನೂ ಒಬ್ಬ.

ಉಳಿದ ಗುಳ್ಳೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆರೆಸುವ ಮೊದಲು ರೆಸಿನ್ ಬಾಟಲಿಯನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿಡಿ, ಒಳಕ್ಕೆ ನೀರಿನ ಒಂದು ಹನಿಯೂ ಹೋಗದಂತೆ. ಅಚ್ಚಿಗೆ ತೆಳ್ಳನೆಯ ಎಳೆಯಾಗಿ ಸುರಿಯಿರಿ. ಮೇಲೆ ಬಂದ ಗುಳ್ಳೆಗಳ ಮೇಲೆ ಬಿಸಿಗಾಳಿ ಊದುವ ಹೀಟ್ ಗನ್ ಅನ್ನು ಒಂದೆರಡು ಕ್ಷಣ ಆಡಿಸಿ ತೆಗೆಯಿರಿ. ಒಂದೇ ಕಡೆ ಹಿಡಿದು ನಿಂತರೆ ಸಿಲಿಕೋನ್ ಅಚ್ಚು ಸುಡುತ್ತದೆ. ಅಚ್ಚಿನ ಒಳಮೈ ಹೇಗಿದೆಯೋ ಎರಕದ ಹೊರಮೈಯೂ ಹಾಗೆಯೇ ಆಗುವುದರಿಂದ, ಕನ್ನಡಿಯಂಥ ಹೊಳಪು ಬೇಕಿದ್ದರೆ ಹೊಳೆಯುವ ಅಚ್ಚನ್ನೇ ಕೊಂಡುಕೊಳ್ಳಿ. ಮಸುಕಾಗಿ ಬಂದ ಮೇಲ್ಮೈಯನ್ನು 400ರಿಂದ 2000ದವರೆಗಿನ ಗ್ರಿಟ್‌ನ (ಅಂಕಿ ಹೆಚ್ಚಿದಷ್ಟೂ ನಯವಾದ) ಸ್ಯಾಂಡ್‌ಪೇಪರ್‌ಗಳಲ್ಲಿ ನೀರು ಹಾಕಿ ಉಜ್ಜುತ್ತ ಹೋಗುವುದಕ್ಕಿಂತ, ಒಮ್ಮೆ ಉಜ್ಜಿ ಮೇಲೆ ತೆಳುಲೇಪ ಕೊಡುವುದು ಸುಲಭ. ಗೀರುಗಳನ್ನು ತುಂಬಿದ ಹೊಸ ರೆಸಿನ್ ಬೆಳಕನ್ನು ಹಳೆಯದರಷ್ಟೇ ಬಾಗಿಸುವುದರಿಂದ ಗೀರುಗಳು ಕಣ್ಣಿಗೆ ಬೀಳುವುದಿಲ್ಲ.

ಈಗ ಮಲಗುವ ಕೋಣೆಯ ವಿಷಯ. ಇದರಲ್ಲಿ ನಾನು ನಿಮ್ಮೊಂದಿಗೆ ಸ್ವಲ್ಪ ಕಟುವಾಗಿಯೇ ಮಾತನಾಡಬೇಕಾಗಿದೆ. ವಾಸನೆಯಿಲ್ಲ ಎಂಬುದು ನಿಮ್ಮ ಮೂಗಿನ ಕುರಿತ ಮಾತೇ ಹೊರತು ಗಾಳಿಯಲ್ಲಿ ಏನೂ ಇಲ್ಲ ಎಂಬುದಕ್ಕೆ ಪುರಾವೆಯಲ್ಲ. ಎರಕ ಗಟ್ಟಿಯಾಗಲು ಒಂದರಿಂದ ಮೂರು ದಿನ ಹಿಡಿಯುತ್ತದೆ, ಅಷ್ಟು ಹೊತ್ತೂ ನೀವು ಅದರ ಪಕ್ಕದಲ್ಲಿಯೇ ಮಲಗಿರುತ್ತೀರಿ. ಎದುರುಬದುರು ಕಿಟಕಿಗಳಿರುವ, ಯಾರೂ ಮಲಗದ, ಅಡುಗೆ ಮಾಡದ, ಮಕ್ಕಳು ಬಾರದ ಜಾಗವನ್ನು ಇದಕ್ಕೆ ಆರಿಸಿಕೊಳ್ಳಿ. ಎನ್-95 ಮುಖಗವಸು ಧೂಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಆವಿಗೆ ಸಾವಯವ ಆವಿಗಳಿಗೆಂದೇ ಇರುವ ಕಾರ್ಟ್ರಿಡ್ಜ್ ಹಾಕಿದ ರೆಸ್ಪಿರೇಟರ್ ಬೇಕು. ಇದಕ್ಕಿಂತ ಹೆಚ್ಚಾಗಿ ಹೆದರಬೇಕಾದದ್ದು ಚರ್ಮಕ್ಕೆ ತಾಗುವುದಕ್ಕೆ. ಗಟ್ಟಿಯಾಗದ ಎಪಾಕ್ಸಿಯೂ ಅಮೀನ್ ಹಾರ್ಡ್ನರ್ ಕೂಡ ಅಲರ್ಜಿ ಹುಟ್ಟಿಸುವ ವಸ್ತುಗಳು. ಹತ್ತು ಸಲ ತಾಗಿದಾಗ ಏನೂ ಆಗದೆ ಹನ್ನೊಂದನೆಯ ಸಲ ತುರಿಕೆ, ಊತ, ಬೊಬ್ಬೆ ಏಳಬಹುದು. ಒಮ್ಮೆ ದೇಹ ಹಾಗೆ ತಿರುಗಿಬಿದ್ದರೆ ಸಾಮಾನ್ಯವಾಗಿ ಜೀವಮಾನವಿಡೀ ಹಾಗೆಯೇ ಇರುತ್ತದೆ, ಆಮೇಲೆ ಅತ್ಯಲ್ಪ ತಾಗಿದರೂ ಸಾಕು. ಅಂಥವರು ಈ ಹವ್ಯಾಸವನ್ನು ಬಿಡಲೇಬೇಕಾಗುತ್ತದೆ. ಕೈಗೆ ನೈಟ್ರೈಲ್ ಗವಸು ಹಾಕಿಕೊಳ್ಳಿ, ರಬ್ಬರಿನ ಲ್ಯಾಟೆಕ್ಸ್ ಗವಸು ಇದಕ್ಕೆ ಸಾಲದು. ರೆಸಿನ್ ಬಿದ್ದ ಗವಸನ್ನು ಕೂಡಲೇ ಬದಲಿಸಿ. ಚರ್ಮಕ್ಕೆ ತಾಗಿದರೆ ಸಾಬೂನು ನೀರಿನಿಂದ ತೊಳೆಯಿರಿ. ಅಸಿಟೋನ್ ಅಥವಾ ಸ್ಪಿರಿಟ್ ಹಚ್ಚಿ ಒರೆಸಿದರೆ ರೆಸಿನ್ ತೆಳುವಾಗಿ ಇನ್ನಷ್ಟು ಜಾಗಕ್ಕೆ ಹರಡಿ ಚರ್ಮದೊಳಕ್ಕೆ ಇಳಿಯುತ್ತದೆ. ಉಜ್ಜುವ ಕೆಲಸವನ್ನು ಪೂರ್ತಿ ಗಟ್ಟಿಯಾದ ಎರಕದ ಮೇಲೆ, ನೀರು ಹಾಕಿಯೇ ಮಾಡಿ. ಅರೆಗಟ್ಟಿಯಾದ ಎರಕದ ಧೂಳು ದ್ರವ ರೆಸಿನ್‌ನಷ್ಟೇ ಕೆಟ್ಟದ್ದು. ಉಳಿದ ರೆಸಿನ್ ಅನ್ನು ಮೋರಿಗೆ ಸುರಿಯದೆ, ತೆಳುವಾಗಿ ಹರವಿ ಗಟ್ಟಿಯಾಗಿಸಿ ಘನತ್ಯಾಜ್ಯಕ್ಕೆ ಹಾಕಿ.

ನಿಮ್ಮ ಗುಮ್ಮಟದ ಪೇಪರ್‌ವೇಟ್ ಬಗ್ಗೆ, ನೀವು ಕೇಳದಿದ್ದರೂ, ಒಂದು ಎಚ್ಚರಿಕೆ ಕೊಡಬೇಕು. ಪಾರದರ್ಶಕ ಎರಕದ ಗುಮ್ಮಟ ಅಥವಾ ಗೋಳ ಎಂದರೆ ಅದೊಂದು ಮಸೂರ. ಎಪಾಕ್ಸಿಯ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಸಂಖ್ಯೆ) 1.55ರ ಆಸುಪಾಸಿನಲ್ಲಿದ್ದು ಸಾಮಾನ್ಯ ಗಾಜಿಗಿಂತ ತುಸು ಹೆಚ್ಚೇ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಕಾಗದಗಳ ಮೇಲೆ ಅದನ್ನಿಟ್ಟು ಹೋಗಬೇಡಿ. ಗಾಜಿನ ಗೋಳಗಳಿಂದ ಹೀಗೆ ಬೆಂಕಿ ಹತ್ತಿದ್ದುಂಟು. ಬಿಸಿಲು ರೆಸಿನ್‌ಗೂ ಆಗದು. ನೇರಳಾತೀತ ಕಿರಣಗಳಿಂದ ಅದು ಹಳದಿಯಾಗುತ್ತದೆ, ‘ಯುವಿ ನಿರೋಧಕ’ ಎಂದು ಬರೆದ ರೆಸಿನ್‌ನಲ್ಲಿ ಆ ಹಳದಿ ತಡವಾಗಿ ಬರುತ್ತದೆ ಅಷ್ಟೇ. ಮನೆಯ ಉಷ್ಣತೆಯಲ್ಲಿ ಗಟ್ಟಿಯಾದ ಅನೇಕ ಎಪಾಕ್ಸಿಗಳು 50 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಲು ತೊಡಗುವುದರಿಂದ, ಕುದಿಬಿಸಿಯ ಪಾನೀಯದ ಲೋಟವಿಟ್ಟರೆ ಉಂಗುರದ ಗುರುತು ಬೀಳುತ್ತದೆ.

ಕೊನೆಗೆ ಪೆನ್‌ಸ್ಟ್ಯಾಂಡ್. ಮೊದಲು ಒಂದು ಪರೀಕ್ಷೆ ಮಾಡಿ. ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿ ಪೆನ್‌ಸ್ಟ್ಯಾಂಡಿನ ಪಕ್ಕ ಬಿಸಿನೀರಿನ ಚೀಲವನ್ನಿಟ್ಟು, ಆಗಾಗ ನೀರು ಬದಲಿಸುತ್ತ, ಐದಾರು ಗಂಟೆ 40 ಡಿಗ್ರಿಯ ಸುತ್ತಮುತ್ತ ಕಾಯಿಸಿ. ಅಡುಗೆಯ ಓವನ್‌ನಲ್ಲಿ ಮಾತ್ರ ಇಡಬೇಡಿ. ಅದು ತಣಿದ ಮೇಲೆ, ಗವಸು ಹಾಕಿಕೊಂಡು, ಅಂಟಿಲ್ಲದ ಕಡೆ ಒಂದು ಕಡ್ಡಿಯ ತುದಿಯಿಂದ ಒತ್ತಿ ನೋಡಿ. ಗುರುತು ಮೂಡದಿದ್ದರೆ ಒಡಲು ಗಟ್ಟಿಯಾಗಿದೆ, ತೊಂದರೆ ಇರುವುದು ಬೆರಕೆ ಸಾಲದ ಕಲೆಗಳಲ್ಲಿ ಮಾತ್ರ. ಆಗ ಆ ಕಲೆಗಳನ್ನು ಗಟ್ಟಿ ಪದರ ಸಿಗುವವರೆಗೆ ಚಾಕುವಿನಿಂದ ಕೆರೆದು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಉಳಿದ ಮೇಲ್ಮೈಯನ್ನು 220ರ ಸ್ಯಾಂಡ್‌ಪೇಪರ್‌ನಿಂದ ಮಂಕಾಗುವಷ್ಟು ಉಜ್ಜಿ, ಸರಿಯಾಗಿ ತೂಗಿ ಬೆರೆಸಿದ ಹೊಸ ರೆಸಿನ್ ಅನ್ನು ಎರಡು ತೆಳುಲೇಪಗಳಾಗಿ ಕೊಡಿ. ಕಡ್ಡಿಯ ಗುರುತು ಎಲ್ಲೆಡೆ ಮೂಡಿದರೆ, ಗೋಡೆಯನ್ನು ಒತ್ತಿದಾಗ ರಬ್ಬರಿನಂತೆ ಬಾಗಿದರೆ, ಹಾರ್ಡ್ನರ್‌ನ ತಪ್ಪು ಇಡೀ ಒಡಲನ್ನು ಹೊಕ್ಕಿದೆ. ಮೇಲೆ ಎಷ್ಟು ಲೇಪ ಕೊಟ್ಟರೂ ಒಳಗೆ ಅದು ಮೆತ್ತಗೇ ಇದ್ದು, ಪೆನ್ನುಗಳ ಭಾರಕ್ಕೆ ಒಂದು ಬದಿಗೆ ವಾಲುತ್ತದೆ. ಅಂಥದ್ದನ್ನು ತ್ಯಾಜ್ಯಕ್ಕೆ ಹಾಕಿ, ಅದೇ ಅಚ್ಚನ್ನು ಸಾಬೂನಿನಿಂದ ತೊಳೆದು ಒಣಗಿಸಿ ಹೊಸದಾಗಿ ಸುರಿಯಿರಿ.